ಪ್ಲೇಯರ್ ಬರುವ ತನಕ

ಮಾತು ಕೊಡುವಾಗ ಅಕ್ಕನಿಗೆ ತಮ್ಮನ ಮೇಲೆ ಪೂರ್ತಿ ನಂಬಿಕೆಯಿತ್ತು. ಒಳ್ಳೆಯ ನಂಬಿಕೆ ಅಂದುಕೊಂಡೀರಿ ಮತ್ತೆ! ಈ ಪ್ರಾಣಿ ಹುಟ್ಟಿದಂದಿನಿಂದ ಹಿಡಿದ ಕೆಲಸ ಒಂದನ್ನೂ ಮುಗಿಸಿಲ್ಲ, ಇದನ್ನೂ ಮುಗಿಸುವುದಿಲ್ಲ ಎಂಬ ನಂಬಿಕೆ. ಆ ಧೈರ್ಯದ ಮೇಲೆಯೇ ಅವಳು ಚಿಕ್ಕಪ್ಪನ ಎದುರು ಎದೆ ತಟ್ಟಿಕೊಂಡು ಹೇಳಿದ್ದು: "ಇವನ ಹೋಮ್ ಥಿಯೇಟರಿನ ಕಟ್ಟಕಡೇ ಸಾಮಾನು ಈ ಮನೆ ಹೊಸಿಲು ದಾಟಲಿ, ಅವತ್ತೇ ನನ್ನ ಮೇಜು ರೂಮಿಂದ ಆಚೆಗೆ. ಆಡಿದ ಮಾತಿಗೆ ತಪ್ಪೋಳಲ್ಲ ನಾನು."

ಚಿಕ್ಕಪ್ಪ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತಿ ಒತ್ತಿ, ಜನರ ಮಾತಿಗೂ ಮುದ್ರೆ ಒತ್ತುವ ಚಾಳಿ ಅಂಟಿಸಿಕೊಂಡವರು. "ಕಟ್ಟಕಡೇ ಸಾಮಾನು. ಇಬ್ಬರೂ ಕೇಳಿಸ್ಕೊಂಡ್ರಾ? ನಾಳೆ ಅದು ಹಾಗಲ್ಲ ಹೀಗೆ ಅಂತ ನನ್ನ ಹತ್ರ ಬಂದ್ರೆ ಕೆರ ತಗೊಂಡು ಹೊಡೀತೀನಿ" ಎಂದು ಎದ್ದು ಹೋಗಿದ್ದರು.

ಜಗಳ ಒಂದು ಕೋಣೆಯದು. ಅಪ್ಪ ಅಮ್ಮ ಬಿಟ್ಟುಹೋದ ಮನೆಯಲ್ಲಿ ಇಬ್ಬರಿಗೂ ಸಮಪಾಲು. ಉಳಿದ ಕೋಣೆಗಳೆಲ್ಲ ಒಂದಕ್ಕೊಂದು ಬೆನ್ನು ಕೊಟ್ಟು ಕತ್ತಲಲ್ಲಿ ಕೂತಿದ್ದವು. ಉದ್ದನೆಯ ಆ ಒಂದು ಕೋಣೆಗೆ ಮಾತ್ರ ಉತ್ತರಕ್ಕೆ ದೊಡ್ಡ ಕಿಟಕಿ. ಅಲ್ಲಿ ಬಿಸಿಲು ಎಂದೂ ನೇರ ಬೀಳುತ್ತಿರಲಿಲ್ಲ, ಬೆಳಕು ಬೆಳಗಿನಿಂದ ಸಂಜೆಯ ತನಕ ಒಂದೇ ಹದದಲ್ಲಿ ಇರುತ್ತಿತ್ತು. ಆ ಕಿಟಕಿಯ ಕೆಳಗೆ ಅಕ್ಕನ ಮೇಜು, ಪಕ್ಕದಲ್ಲಿ ಮಿಷನ್ನು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಅವಳು ಹೊಲಿಯುತ್ತಿದ್ದುದು ವಕೀಲರ ಕರಿ ಕೋಟು, ಅವರ ಕರಿ ಗೌನು, ಬೇರೇನೂ ಇಲ್ಲ. ಬೀದಿಯಲ್ಲಿ ಅವಳ ಹೆಸರೇ ಕೋಟಕ್ಕ. ಕರಿ ಬಟ್ಟೆಯ ಮೇಲೆ ಕರಿ ದಾರದಲ್ಲಿ ಹೊಲಿಯುವುದು ಎಂದರೆ ತಮಾಷೆಯಲ್ಲ. ಹೊಲಿಗೆ ಎಲ್ಲಿ ಹೋಯಿತು, ಎಲ್ಲಿ ಬಂತು ಎನ್ನುವುದು ಒಳ್ಳೆಯ ಬೆಳಕಿನಲ್ಲೇ ಕಣ್ಣಿಗೆ ಸಿಕ್ಕರೆ ಸಿಕ್ಕಿತು. ಬೆಳಕು ಕೆಟ್ಟರೆ ಅವಳ ಕಸುಬು ಕೆಟ್ಟಿತು ಎಂದೇ ಲೆಕ್ಕ.

ತಮ್ಮನಿಗೂ ಬೇಕಾದದ್ದು ಅದೇ ಕೋಣೆ. ಪರದೆಗೂ ಕುರ್ಚಿಗೂ ನಡುವೆ ಬೇಕಾದ ದೂರ ಅಲ್ಲಿ ಮಾತ್ರ ಸಿಗುತ್ತದೆಯಂತೆ. ಕಿಟಕಿಗೆ ದಪ್ಪ ಬಟ್ಟೆ ಜಡಿದು, ಬೆಳಕಿನ ಒಂದು ಎಳೆಯೂ ನುಸುಳದ ಹಾಗೆ ಮಾಡಿ, ಅದರೊಳಗೆ ಕೂತು ಸಿನಿಮಾ ನೋಡುವುದು ಅವನ ಬಾಳಿನ ಗುರಿ. ವಿಮಾ ಕಂಪನಿಯ ಕೆಲಸಕ್ಕೆ ಅವಧಿಗೆ ಮುಂಚೆಯೇ ರಾಜೀನಾಮೆ ಬಿಸಾಕಿ ಮನೆಗೆ ಬಂದು ಕೂತವನು. ಹೆಂಡತಿಯನ್ನೇನೂ ಇವನು ಬಿಡಲಿಲ್ಲ, ಅವಳೇ ಕಾದು ಕಾದು ಸಾಕಾಗಿ ಎದ್ದು ಹೋದಳು. ಅರ್ಧ ಕಲಿತ ಗಿಟಾರು, ಅರ್ಧ ಬಣ್ಣ ಬಳಿದ ಗೇಟು, ಅರ್ಧ ಓದಿ ಮಗುಚಿಟ್ಟ ಪುಸ್ತಕಗಳು. ಏನು ಕೇಳಿದರೂ "ಆಮೇಲೆ" ಎನ್ನುವವನಾದ್ದರಿಂದ ಅವನ ಹೆಸರು ಆಮೇಲಪ್ಪ. ಇಟ್ಟವಳು ಅಕ್ಕನೇ.

ಇಬ್ಬರೂ ಒಂದೇ ಸೂರಿನ ಕೆಳಗೆ ಹಾವು ಮುಂಗುಸಿಯ ಹಾಗೆ ಬದುಕುತ್ತಿದ್ದರು. ಅವನು ಬಚ್ಚಲಿಗೆ ಹೋದರೆ ಇವಳಿಗೆ ಆಗಲೇ ಬಿಸಿನೀರು ಬೇಕು. ಇವಳು ಮಿಷನ್ ತುಳಿದರೆ ಅವನಿಗೆ ಆಗಲೇ ತಲೆನೋವು. ನಲವತ್ತು ದಾಟಿದ ಗಂಡಸು, ಐವತ್ತರ ಹೆಂಗಸು, ಫ್ರಿಜ್ಜಿನ ಮೇಲಿನ ತಟ್ಟೆ ಯಾರದು ಕೆಳಗಿನದು ಯಾರದು ಎಂದು ಕಿತ್ತಾಡುತ್ತಿದ್ದರು. ನಾಚಿಕೆ ಎನ್ನುವುದು ಇಬ್ಬರಿಗೂ ಇರಲಿಲ್ಲ.

ಅಕ್ಕನ ನಂಬಿಕೆ ಹುಸಿಯಾಯಿತು. ಮೊದಲು ಪ್ರೊಜೆಕ್ಟರ್ ಬಂತು. "ಬರಲಿ ಬಿಡು, ಆರಂಭಶೂರ" ಎಂದುಕೊಂಡಳು. ಸುರುಳಿ ಸುತ್ತಿದ ಪರದೆ ಬಂತು. ಸ್ಪೀಕರುಗಳು ಬಂದವು. ಕರಡಿಯಷ್ಟು ಭಾರದ ಆಂಪ್ಲಿಫಯರನ್ನು ಇಬ್ಬರು ಹೊತ್ತು ತಂದು ನಡುಮನೆಯಲ್ಲಿ ಇಳಿಸಿದಾಗ ಅವಳು ಹೊಲಿಗೆ ಬಿಟ್ಟು ಎದ್ದು ಬಂದಳು. ಗಿಟಾರು ಕಲಿಯಲಾರದವನು, ಹೆಂಡತಿಗೆ ಒಂದು ಫೋನು ಮಾಡಲಾರದವನು, ಇದೊಂದನ್ನು ಮಾತ್ರ ಮುಗಿಸಿಯೇ ತೀರುವ ಹಟಕ್ಕೆ ಬಿದ್ದಿದ್ದ. ರಟ್ಟಿನ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ನಿಂತವು. ಅವನು ಅವುಗಳ ಮಧ್ಯೆ ಓಡಾಡುತ್ತ, "ಇನ್ನೊಂದೇ ಅಕ್ಕ, ಇನ್ನೊಂದೇ ಸಾಮಾನು" ಎಂದು ಹಲ್ಲು ಕಿರಿಯುತ್ತಿದ್ದ.

ಆ ಒಂದು ಸಾಮಾನೇ ಡಿಸ್ಕ್ ಪ್ಲೇಯರ್. ಅಂಥಿಂಥದ್ದಲ್ಲ, ಅತಿ ಸ್ಪಷ್ಟ ಚಿತ್ರದ 4ಕೆ ಡಿಸ್ಕ್ ಓದುವಂಥದ್ದು. ಫೋನಿನಲ್ಲಿ ಬರುವ ಸಿನಿಮಾ ಇವನ ದೊಡ್ಡಸ್ತಿಕೆಗೆ ಸಾಲದು.

ಒಂದು ಬೆಳಿಗ್ಗೆ ಅವನು ಫೋನು ಹಿಡಿದು ಕೋಣೆಯ ಬಾಗಿಲಿಗೆ ಬಂದ. "ಆರಿಸಿಬಿಟ್ಟೆ. ನಾಳೆ ಹೋಗಿ ತರ್ತೀನಿ. ಮೇಜು ಎಲ್ಲಿ ಹಾಕ್ಕೋತೀಯೋ ಯೋಚನೆ ಮಾಡ್ಕೋ. ಮೆಟ್ಟಿಲ ಕೆಳಗೆ ಜಾಗ ಇದೆ."

ಅಕ್ಕ ತಲೆ ಎತ್ತಲಿಲ್ಲ. ಹಿಂದಿನ ದಿನವಷ್ಟೇ ಕೋಟಿನ ಟ್ರಯಲಿಗೆ ಬಂದಿದ್ದ ವಕೀಲರೊಬ್ಬರು, ತೋಳು ಚಾಚಿ ನಿಂತುಕೊಂಡೇ, ತಮ್ಮ ಮನೆಯ ಪ್ಲೇಯರನ್ನು ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಆ ಬೈಗುಳ ಈಗ ಉಪಯೋಗಕ್ಕೆ ಬಂತು.

"ಅಲ್ವೋ, ಅದು ಮೂರು ಪದರದ ಡಿಸ್ಕ್ ಸರಿಯಾಗಿ ಓದುತ್ತಾ?"

"ಏನು ಪದರ?"

"ದೊಡ್ಡ ಸಿನಿಮಾ ಎಲ್ಲಾ ಒಂದೇ ಡಿಸ್ಕಲ್ಲಿ ಹಿಡಿಸೋಕೆ ಮೂರು ಪದರ ಮಾಡಿರ್ತಾರಂತೆ. ಒಂದರಿಂದ ಇನ್ನೊಂದಕ್ಕೆ ದಾಟೋವಾಗ ಕೆಲವು ಪ್ಲೇಯರು ಗಕ್ಕಂತ ನಿಂತುಬಿಡುತ್ತಂತೆ. ಸರಿಯಾಗಿ ಕ್ಲೈಮ್ಯಾಕ್ಸ್ ಹೊತ್ತಿಗೆ. ನಂಗೇನಪ್ಪ, ನೋಡೋನು ನೀನು."

ತಮ್ಮನ ಮುಖ ಹೇಗೆ ಇಳಿಯಿತೆಂದರೆ, ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ಗೊಣಗುತ್ತ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾಳೆ ಬಂತು, ಅವನು ಅಂಗಡಿಗೆ ಹೋಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ದಂಡಯಾತ್ರೆ. ಹೊಲಿಗೆ ಮಿಷನ್ ಬಿಟ್ಟರೆ ಬೇರೆ ಯಂತ್ರದ ಸುದ್ದಿಗೆ ಹೋಗದ ಹೆಂಗಸು, ಊಟ ಮಾಡುತ್ತ ಮಾಡುತ್ತಲೇ ಫೋನಿನಲ್ಲಿ ಪ್ಲೇಯರುಗಳ ಜಾತಕ ಓದಿದಳು. ಅರ್ಥವಾಗದ್ದನ್ನು ಆ ವಕೀಲರಿಗೇ ಫೋನು ಮಾಡಿ ಕೇಳಿದಳು. ತಮ್ಮನಿಗೆ ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಬೇಡ ಎಂದರೆ ಅವನು ಹಟಕ್ಕೆ ಬಿದ್ದು ಅದೇ ಗಳಿಗೆಯಲ್ಲಿ ತಂದುಬಿಡುವ ಆಸಾಮಿ. ಅವಳು ಮಾಡಿದ್ದು ಒಂದೇ, ಅವನ ತಲೆಗೆ ಹುಳ ಬಿಡುವುದು.

ಅವನು ಎರಡನೆಯದನ್ನು ಆರಿಸಿದ. ಅಕ್ಕ ಗುಂಡಿ ಹಚ್ಚುತ್ತಲೇ ಕೇಳಿದಳು: "ಒಳ್ಳೇದೇ ಕಣೋ. ಆದ್ರೆ ಈ ಬೆಳಕು ನೆರಳು ಎತ್ತಿ ತೋರಿಸೋ ಎಚ್‌ಡಿಆರ್ ಅಂತಾರಲ್ಲ, ಅದರಲ್ಲೂ ಎರಡು ಪಂಗಡ ಇದಾವಂತೆ. ಇದು ಒಂದು ಪಂಗಡದ್ದು ಮಾತ್ರ. ಇನ್ನೊಂದು ಪಂಗಡದ ಸಿನಿಮಾ ತಂದ್ರೆ ಏನ್ ಮಾಡ್ತೀಯ, ಮಂಗಳಾರತಿ ಎತ್ತುತೀಯಾ?" ಎರಡನೆಯದು ಬಿತ್ತು.

ಮೂರನೆಯದು ಎರಡೂ ಪಂಗಡಕ್ಕೆ ಸೇರಿದ್ದು. "ಅದರ ಫ್ಯಾನ್ ಸದ್ದು ಮಾಡುತ್ತಂತೆ. ಮಾತಿಲ್ಲದ ಸೀನಲ್ಲಿ ಗುಂಯ್ ಅನ್ನುತ್ತಂತೆ. ನಿನ್ನ ಕಿವಿ ಬೇರೆ ಸೂಕ್ಷ್ಮ, ನನ್ನ ಮಿಷನ್ ಸದ್ದೇ ತಡೆಯಲ್ಲ." ನಾಲ್ಕನೆಯದು ಕಬ್ಬಿಣದ ಪೆಟ್ಟಿಗೆಯಂಥದ್ದು, ಹಾಡಿನ ಡಿಸ್ಕುಗಳನ್ನೂ ನುಡಿಸುವಂಥದ್ದು, ಅವನು ಕಣ್ಣು ಮುಚ್ಚಿ ಒಪ್ಪಿದ್ದು. "ಅದನ್ನ ಮಾಡೋದೇ ನಿಲ್ಲಿಸಿಬಿಟ್ಟಿದಾರಂತಲ್ಲೋ. ಕೆಟ್ಟರೆ ಬಿಡಿಭಾಗಕ್ಕೆ ಯಾರ ಮನೆ ಬಾಗಿಲು ತಟ್ಟುತೀಯ?" ಕೊನೆಗೆ ಅವನು ಸೋತು, ಮಕ್ಕಳು ವಿಡಿಯೊ ಆಟ ಆಡುವ ಯಂತ್ರದಲ್ಲೇ ಈ ಡಿಸ್ಕೂ ಓಡುತ್ತದೆ, ಅದನ್ನೇ ತರುತ್ತೇನೆ ಎಂದ. ಅಕ್ಕ ಸೂಜಿ ಕೆಳಗಿಟ್ಟು ನಕ್ಕಳು. "ತಾ. ಜೊತೆಗೆ ಒಂದು ಗಿಲಕಿನೂ ತಾ."

"ನಿನ್ನ ನಾಲಿಗೆಗೆ ಹುಳ ಬೀಳ!" ಎಂದು ಶಪಿಸಿ ಹೋದ. ಆದರೆ ತರಲಿಲ್ಲ.

ಈ ಯುದ್ಧದಲ್ಲಿ ಅವಳು ಎಣಿಸದ ಒಂದು ಸಂಗತಿ ನಡೆಯುತ್ತ ಬಂತು. ತಮ್ಮ ಅವಳನ್ನು ನಂಬತೊಡಗಿದ. ಬೈಯುವುದು ನಿಲ್ಲಿಸಲಿಲ್ಲ, ದ್ವೇಷವೂ ಕಡಿಮೆಯಾಗಲಿಲ್ಲ. ಆದರೆ ದಿನವೂ ಬಾಗಿಲಿಗೆ ಬಂದು ಫೋನು ಮುಂದೆ ಹಿಡಿದು, "ಇದು ಹೆಂಗೆ? ಇದರಲ್ಲೇನು ಕೊಂಕು? ಬೊಗಳು" ಎನ್ನುತ್ತಿದ್ದ. ಅವಳು ಬೊಗಳುತ್ತಿದ್ದಳು, ಅವನು ಕೇಳುತ್ತಿದ್ದ. ಹೊರಗಿನವರು ನೋಡಿದ್ದರೆ ಅಕ್ಕ ತಮ್ಮ ಎಷ್ಟು ಅನ್ಯೋನ್ಯ ಎಂದುಕೊಳ್ಳಬೇಕು.

ಚಿಕ್ಕಪ್ಪ ಒಂದು ದಿನ ಬಂದವರು ರಟ್ಟಿನ ಪೆಟ್ಟಿಗೆಗೆ ಕಾಲು ತಾಗಿಸಿಕೊಂಡು ಮುಗ್ಗರಿಸಿದರು. ಕೆಂಡಾಮಂಡಲವಾದರು. "ಇದೇನು ಪ್ಲೇಯರು ತರೋದೋ, ಗಣಪತಿ ಮದುವೆನೋ? ಅಳೆದೂ ಸುರಿದೂ ಅಳೆದೂ ಸುರಿದೂ! ಫೋನಲ್ಲಿ ಓದಿದ್ರೆ ಚಿತ್ರ ಕಾಣುತ್ತೇನೋ ದಡ್ಡ? ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ತಗೊಳೋ. ನೀನೂ ಹೋಗೇ ಅವನ ಜೊತೆ. ಎಲ್ಲಾ ಕಂತೆ ಪುರಾಣ ನಿನಗೇ ಗೊತ್ತಿರೋ ಹಾಗಿದೆ."

ಅಕ್ಕ ಒಲ್ಲೆ ಎನ್ನಲಿಲ್ಲ. ಜೊತೆಗಿದ್ದರೆ ಅಲ್ಲೂ ನಾಲ್ಕು ಹುಳ ಬಿಡಬಹುದು ಎಂಬ ಲೆಕ್ಕ ಅವಳದು.

ಅಂಗಡಿಯವನಿಗೆ ತಮ್ಮನ ಮುಖ ಕಂಡರೇ ಆಗುತ್ತಿರಲಿಲ್ಲ. ಪ್ರೊಜೆಕ್ಟರ್, ಸ್ಪೀಕರು ಕೊಳ್ಳುವಾಗ ಅಷ್ಟು ಸಲ ಬಂದು, ಅಷ್ಟು ಪ್ರಶ್ನೆ ಕೇಳಿ, ಕೈಬೀಸಿಕೊಂಡು ಹೋಗಿದ್ದ ಗಿರಾಕಿ ಇವನು. "ಬಂದ್ರಾ? ಬನ್ನಿ. ಇವತ್ತು ಯಾವ ಸಂಶಯ?" ಎಂದ. ಅಕ್ಕನ ಕಡೆ ನೋಡಿ, "ಇವರು?" ಎಂದ.

"ನಮ್ಮಕ್ಕ. ಕೋಟು ಹೊಲೀತಾಳೆ. ಸುಮ್ನೆ ಬಂದಿದಾಳೆ" ಎಂದ ತಮ್ಮ. ಅಕ್ಕ ಮನಸ್ಸಿನಲ್ಲೇ ಅವನ ಪಿಂಡ ಇಟ್ಟಳು.

ಹಿಂದುಗಡೆ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಗೆಲ್ಲ ಬೂದು ಬಟ್ಟೆ, ಮೆತ್ತನೆಯ ಸೋಫಾ. ಅಂಗಡಿಯವನು ಗೋಡೆಯ ಟೀವಿಗೆ ಎರಡು ಪ್ಲೇಯರ್ ಜೋಡಿಸಿ ಒಂದೇ ಸಿನಿಮಾದ ಎರಡು ಡಿಸ್ಕ್ ಹಾಕಿದ. ಗುಂಡಿ ಒತ್ತಿದರೆ ಎಡಗಡೆಯದರ ಚಿತ್ರ, ಮತ್ತೊಮ್ಮೆ ಒತ್ತಿದರೆ ಬಲಗಡೆಯದರದು. ಪರದೆಯ ಮೇಲೆ ಒಬ್ಬ ಮುದುಕ ಕರಿ ಕೋಟು ತೊಟ್ಟು, ದೀಪವಿಲ್ಲದ ಮನೆಯಲ್ಲಿ, ಕರಿ ಕುರ್ಚಿಯ ಮೇಲೆ ಕೂತಿದ್ದ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಕೂತಿದ್ದ.

"ಎಡಗಡೇದು" ಎಂದ ಅಂಗಡಿಯವನು. "ಈಗ ಬಲಗಡೇದು. ಎಡ. ಬಲ. ನೋಡ್ಕೊಳ್ಳಿ."

ತಮ್ಮ ಮುಂದಕ್ಕೆ ಬಾಗಿದ, ಹಿಂದಕ್ಕೆ ಒರಗಿದ, ಕನ್ನಡಕ ತೆಗೆದ, ಹಾಕಿದ. "ಎಡಗಡೇದು ಸ್ವಲ್ಪ... ಅಲ್ಲ, ಬಲಗಡೇದು... ಇನ್ನೊಂದ್ಸಲ ಹಾಕಿ" ಎಂದು ಆ ಮುದುಕನನ್ನು ಕೂತಲ್ಲೇ ಹಣ್ಣು ಮಾಡಿದ. ಕೊನೆಗೆ ಅಕ್ಕನ ಕಡೆ ತಿರುಗಿದ. "ನಿಂಗೇನಾದ್ರೂ ಗೊತ್ತಾಗ್ತಿದೆಯೇನೇ?"

ಗೊತ್ತಾಗದೆ ಏನು! ಮೊದಲ ಸಲ ಗುಂಡಿ ಒತ್ತಿದಾಗಲೇ ಅವಳಿಗೆ ಗೊತ್ತಾಗಿತ್ತು. ಎಡಗಡೆಯದರಲ್ಲಿ ಕೋಟೇ ಬೇರೆ, ಕುರ್ಚಿಯೇ ಬೇರೆ. ಕಾಲರಿನ ಅಂಚು, ಜೇಬಿನ ಬಾಯಿ, ಮೊಣಕೈ ಹತ್ತಿರ ಹಳೆಯ ಬಟ್ಟೆ ನವೆದು ಹಸಿರಿಗೆ ತಿರುಗಿದ ಕಪ್ಪು, ಎಲ್ಲವೂ ಕೈಗೆ ಸಿಗುವ ಹಾಗೆ ಕಾಣುತ್ತಿದ್ದವು. ಬಲಗಡೆಯದರಲ್ಲಿ ಎಲ್ಲ ಸೇರಿ ಒಂದು ಡಾಂಬರಿನ ಮುದ್ದೆ. ಆದರೆ ಅಕ್ಕ ಮುಖ ಕೂಡ ಅಲ್ಲಾಡಿಸಲಿಲ್ಲ.

"ನಂಗೇನೂ ಕಾಣ್ತಿಲ್ಲಪ್ಪ. ಎರಡೂ ಒಂದೇ ಥರ ಇದೆ. ಆಗ ಯಾಕೆ ಅವಸರ?"

ತಮ್ಮ ನಿಟ್ಟುಸಿರು ಬಿಟ್ಟು ಎದ್ದ. "ಮುಂದಿನ ವರ್ಷ ಹೊಸ ಮಾಡೆಲ್ ಬರ್ತಾವಂತೆ ಕಣ್ರಿ. ಆಮೇಲೆ ನೋಡೋಣ."

ಗೆದ್ದಳು. ಒಂದು ವರ್ಷ ಕಿಟಕಿ ಅವಳದು. ಹೊಟ್ಟೆಗೆ ಹಾಲು ಕುಡಿದಷ್ಟು ತಂಪಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಬಂದೂ ಬಿಟ್ಟಿದ್ದಳು. ಹಿಂದಿನಿಂದ ಅಂಗಡಿಯವನು ರಿಮೋಟನ್ನು ಸೋಫಾದ ಮೇಲೆ ಎಸೆದು ಹೇಳಿದ:

"ಅಲ್ಲ ಸ್ವಾಮಿ, ಕಪ್ಪು ಅಂದ್ರೆ ಕಪ್ಪೇ. ಅದರಲ್ಲಿ ಮೇಲು ಕೀಳು ಏನು ಬಂತು? ಹುಟ್ಟಿದ ಯಾವ ಕಣ್ಣಿಗೂ ಅದು ಗೊತ್ತಾಗಲ್ಲ. ಸುಮ್ನೆ ನನ್ನ ಟೈಮ್ ಹಾಳು ಮಾಡ್ತೀರಿ."

ಅಯ್ಯೋ, ಕಿವಿಗೆ ಹಾಕಿಕೊಳ್ಳದೆ ಮೆಟ್ಟಿಲು ಇಳಿದಿದ್ದರೆ ಏನಾಗುತ್ತಿತ್ತು ಅವಳಿಗೆ? ತುಟಿ ಪಿಟಕ್ಕೆನ್ನದೆ ಇದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ವಯಸ್ಸಿಗೆ ಬಂದಂದಿನಿಂದ ಕಪ್ಪು ಬಟ್ಟೆಯ ಮುಂದೆ ಕೂತವಳು. ಹೊಸ ಕಪ್ಪು, ಒಗೆದ ಕಪ್ಪು, ನೀಲಿಗೆ ತಿರುಗಿದ್ದು, ಕಂದಿಗೆ ತಿರುಗಿದ್ದು, ಬೆವರು ಕುಡಿದದ್ದು, ಒಂದೊಂದನ್ನೂ ಮುಟ್ಟದೆ ಹೇಳಬಲ್ಲವಳು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇರುವುದು ಈ ಒಂದು ಕಣ್ಣು. ಅದರ ಎದುರಿಗೇ ಇವನು ಕಪ್ಪು ಅಂದರೆ ಕಪ್ಪೇ ಎನ್ನುತ್ತಾನೆ!

"ಯಾರಯ್ಯ ಹೇಳಿದ್ದು ಗೊತ್ತಾಗಲ್ಲ ಅಂತ?" ಎಂದು ತಿರುಗಿ ನಿಂತಳು. "ನಿನ್ನ ಬಲಗಡೇದು ಮೂರು ಕಾಸಿಗೆ ಬೇಡ. ಕೋಟು ಕುರ್ಚಿ ಎಲ್ಲಾ ಕಲಸಿ ಇಟ್ಟಿದೆ. ಎಡಗಡೇದರಲ್ಲಿ ಆ ಮುದುಕನ ಬಲ ಮೊಣಕೈ ಹತ್ರ ತೇಪೆ ಹಾಕಿದಾರೆ, ಕಾಣುತ್ತಾ ನಿನಗೆ? ತೇಪೆ ಬಟ್ಟೆ ಹೊಸದು, ಕೋಟು ಹಳೇದು. ಕಾಣಲ್ಲ ತಾನೆ? ಕಣ್ಣಿಲ್ಲದೋನು ಅಂಗಡಿ ಇಟ್ಕೊಂಡು ಕೂತಿದಾನೆ!"

ಅಂಗಡಿಯವನೂ ಬಿಡುವವನಲ್ಲ. ಪ್ಲೇಯರುಗಳ ಮೇಲೆ ಒಂದು ಬಟ್ಟೆ ಎಳೆದು, ರಿಮೋಟನ್ನು ಮತ್ತೆ ಎತ್ತಿ ಬೆನ್ನ ಹಿಂದೆ ಹಿಡಿದುಕೊಂಡು ಗುಂಡಿ ಒತ್ತಿದ. "ಈಗ ಹೇಳಿ, ಯಾವುದು?" ಅವಳು ಹೇಳಿದಳು. ಮತ್ತೆ ಒತ್ತಿದ, ಹೇಳಿದಳು. ಮೋಸ ಮಾಡಲು ಅದನ್ನೇ ಎರಡು ಸಲ ತೋರಿಸಿದ. "ಆಟ ಆಡ್ತೀಯಾ? ಅದೇ ಇದು" ಎಂದಳು. ಅಂಗಡಿಯವನು ಪರದೆಯ ಹತ್ತಿರ ಹೋಗಿ ಮೂಗು ತಾಗಿಸಿ ಆ ತೇಪೆಯನ್ನು ಹುಡುಕಿದ. ಸಿಕ್ಕಿತು.

ಆಗ ಅಕ್ಕ ತಮ್ಮನ ಮುಖ ನೋಡಿದಳು. ಅಷ್ಟೂ ವರ್ಷ ಆಮೇಲೆ ಆಮೇಲೆ ಎನ್ನುತ್ತಿದ್ದ ಆ ಮುಖದಲ್ಲಿ ಒಂದು ಸಂಶಯದ ಗೆರೆಯೂ ಉಳಿದಿರಲಿಲ್ಲ.

"ಎಡಗಡೇದನ್ನ ಪ್ಯಾಕ್ ಮಾಡಿ" ಎಂದ ತಮ್ಮ.

ದಾರಿಯುದ್ದಕ್ಕೂ ಅವಳು ತನ್ನ ನಾಲಿಗೆಗೇ ಶಾಪ ಹಾಕಿದಳು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡವಳು ಇನ್ನೇನು ಮಾಡಿಯಾಳು? ಅವನು ಮಾತ್ರ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು, ಮನೆಯ ಗೇಟು ತೆಗೆಯುವಾಗ ಹೇಳಿದ: "ಏನು ಕಣ್ಣೇ ನಿಂದು, ಅಬ್ಬಾ! ಕತ್ತಲಲ್ಲೇ ಅಷ್ಟು ಕಾಣೋಳಿಗೆ ಕಿಟಕಿ ಯಾಕೆ ಬೇಕು?"

ಆಡಿದ ಮಾತು. ಚಿಕ್ಕಪ್ಪ ಬಂದು ನಿಂತು ನೋಡಿದರು. ಮೇಜು ಮೆಟ್ಟಿಲ ಕೆಳಗೆ ಹೋಯಿತು, ಮಿಷನ್ನೂ ಹೋಯಿತು. ಅಲ್ಲಿ ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತಿತ್ತು. ತಮ್ಮ ದೊಡ್ಡ ಮನಸ್ಸು ಮಾಡಿ ಒಂದು ಟ್ಯೂಬ್‌ಲೈಟ್ ಹಾಕಿಸಿದ. ಅದರ ಬೆಳಕು ಬಟ್ಟೆಯ ಮೇಲೆ ಬಿಳಿಚಿಕೊಂಡು ಬೀಳುತ್ತಿತ್ತು. ಅವಳು ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗಿನ ಕಟ್ಟೆಯ ಮೇಲೆ ಕೂತು ಹೊಲಿದಳು. ಬಿಸಿಲೇರಿದರೆ ಕರಿ ಬಟ್ಟೆ ಹೊಳೆದು ಕಣ್ಣಿಗೆ ಚುಚ್ಚುತ್ತಿತ್ತು. ಗಾಳಿಗೆ ಧೂಳು ಬಂದು ಕೂರುತ್ತಿತ್ತು. ಮತ್ತೆ ಮೆಟ್ಟಿಲ ಕೆಳಗೆ.

ಒಂದು ಮಧ್ಯಾಹ್ನ, ಹೊಸದಾಗಿ ಕೋರ್ಟಿಗೆ ಹೋಗುತ್ತಿದ್ದ ವಕೀಲೆಯೊಬ್ಬಳು ಕೋಟನ್ನು ವಾಪಸ್ ತಂದಳು. ಒಳ್ಳೆಯ ಹುಡುಗಿ, ಗಟ್ಟಿಯಾಗಿ ಕೂಡ ಮಾತಾಡಲಿಲ್ಲ.

"ಅಮ್ಮಾ, ಸ್ವಲ್ಪ ಆಚೆ ಬನ್ನಿ. ಬಿಸಿಲಲ್ಲಿ ನೋಡಿ. ಜೇಬಿನ ಹೊಲಿಗೆ ನೀಲಿ ಬಂದಿದೆ."

ನೀಲಿಯೇ. ಕಡುನೀಲಿ ದಾರ. ಕಣ್ಣು ಮುಚ್ಚಿದರೂ ತಪ್ಪದವಳು ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಬಿಟ್ಟುಕೊಂಡೇ ತಪ್ಪಿದ್ದಳು. "ಕೋರ್ಟಲ್ಲಿ ಒಬ್ಬರು ಸೀನಿಯರ್ ನಕ್ಕರು ಅಷ್ಟೇ, ಪರವಾಗಿಲ್ಲ" ಎಂದಳು ಹುಡುಗಿ. ಆ ಪರವಾಗಿಲ್ಲ ಎಂಬುದು ಅಕ್ಕನ ಎದೆಗೆ ಒದ್ದ ಹಾಗಾಯಿತು. ಕಟ್ಟೆಯ ಮೇಲೆ ಕೂತು ಹೊಲಿಗೆ ಬಿಚ್ಚಿದಳು, ಮತ್ತೆ ಹೊಲಿದುಕೊಟ್ಟಳು. ವಾರ ಕಳೆಯುವುದರೊಳಗೆ ಇನ್ನಿಬ್ಬರು ತಮ್ಮ ಬಟ್ಟೆಯನ್ನು ಹೊಲಿಯದ ಹಾಗೆಯೇ ತೆಗೆದುಕೊಂಡು ಹೋದರು. "ಅವಸರ ಇಲ್ಲ ಬಿಡಿ ಕೋಟಕ್ಕ, ಆಮೇಲೆ ನೋಡೋಣ" ಎಂದರು. ಮನೆಯಲ್ಲಿದ್ದ ಆಮೇಲೆ ಈಗ ಬೀದಿಯಿಂದಲೂ ಬಂತು ಎಂದು ಅವಳು ಹಲ್ಲು ಕಡಿದಳು. ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಳು. ಅತ್ತದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ.

ತಂತಿ ಎಳೆಯುವವರು ಬಂದು ಹೋದರು. ಪರದೆ ಏರಿತು. ಕಿಟಕಿಗೆ ಚೌಕಟ್ಟು ಹೊಡೆದು ದಪ್ಪ ಬಟ್ಟೆ ಬಿಗಿದರು. ಒಂದು ಭಾನುವಾರ ಮಧ್ಯಾಹ್ನ ತಮ್ಮ ಚಿಕ್ಕಪ್ಪನನ್ನು ಕರೆಸಿದ. ಮೊದಲ ಆಟ. ಅಕ್ಕನನ್ನೂ ಕರೆದ. ಅವಳು ಬರುವುದಿಲ್ಲ ಎಂದಳು. ಎರಡು ಸಲ ಬಂದು ಕರೆದ. ಮೂರನೆಯ ಸಲ ಅವನ ದನಿಯಲ್ಲಿ ಏನೋ ಇತ್ತು, ಎದ್ದು ಹೋದಳು.

ಅವಳ ಕೋಣೆ ಗುರುತೇ ಸಿಗಲಿಲ್ಲ. ಕಗ್ಗತ್ತಲು. ಚಿಕ್ಕಪ್ಪ ಹಿಂದಿನ ಕುರ್ಚಿಯಲ್ಲಿ ಕೆಮ್ಮುತ್ತಿದ್ದರು. ಪರದೆಯ ಮೇಲೆ ಅದೇ ಮುದುಕ, ಅದೇ ಕರಿ ಕೋಟು. ಆ ಡಿಸ್ಕನ್ನೇ ಹುಡುಕಿ ತಂದಿದ್ದ ಮಹಾರಾಯ.

ಅಕ್ಕ ನಿಂತಲ್ಲೇ ನಿಂತಳು. ಅಂಗಡಿಯಲ್ಲಿ ಕಂಡದ್ದು ಇದರ ಮುಂದೆ ಏನೂ ಅಲ್ಲ. ಅಂಗಡಿಯ ಟೀವಿಗಿಂತ ಹತ್ತು ಪಟ್ಟು ದೊಡ್ಡದಾಗಿ ಆ ಕೋಟು ಅವಳ ಎದುರಿಗೆ ಹರಡಿಕೊಂಡಿತ್ತು. ಗುಂಡಿ ತೂರುವ ಕಾಜಾ ಹೊಲಿದ ಕೈ ಎಡಗೈ ಎಂದು ಗೊತ್ತಾಗುತ್ತಿತ್ತು. ತೇಪೆಯ ದಾರ ಎರಡೆಳೆಯದ್ದು ಎಂದು ಗೊತ್ತಾಗುತ್ತಿತ್ತು. ಎಷ್ಟೋ ದಿನಗಳಿಂದ ಟ್ಯೂಬ್‌ಲೈಟಿನ ಕೆಳಗೆ ಒಣಗಿಹೋಗಿದ್ದ ಕಣ್ಣು ಆ ಕಪ್ಪನ್ನು ಗಟಗಟನೆ ಕುಡಿಯಿತು. ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಸಂತೋಷವಾದದ್ದಕ್ಕೆ ಮರುಗಳಿಗೆ ಸಿಟ್ಟು ನೆತ್ತಿಗೇರಿತು.

"ಹೇಗಿದೆ?" ಎಂದ ತಮ್ಮ.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಹೇಳೇ ಅಕ್ಕ. ಬೆಳಿಗ್ಗೆಯಿಂದ ನೋಡ್ತಿದೀನಿ." ಅವನು ಚಿಕ್ಕಪ್ಪನಿಗೆ ಕೇಳಿಸದ ಹಾಗೆ ಹತ್ತಿರ ಬಂದ. "ನಿನ್ನ ಹತ್ರ ಯಾಕೆ ಸುಳ್ಳು ಹೇಳ್ಲಿ, ನಂಗೆ ಕಾಣಲ್ಲ. ಅಂಗಡೀಲೂ ಕಾಣ್ಲಿಲ್ಲ. ನೀನು ಹೇಳಿದ್ಯಲ್ಲ ಅಂತ ತಗೊಂಡೆ. ನೀನು ಬೇಕಾದ್ರೆ ನನ್ನ ಕತ್ತು ಕುಯ್ತೀಯ, ಆದ್ರೆ ಕಪ್ಪಿನ ವಿಷಯದಲ್ಲಿ ಸುಳ್ಳು ಹೇಳಲ್ಲ, ಅಂಗಡೀಲೇ ನೋಡಿದೆ. ಅವತ್ತು ಕಂಡಿದ್ದು ಇದೇನಾ? ಸರಿಯಾಗಿದೆಯಾ?"

ಕತ್ತಲಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹೋಂವರ್ಕ್ ತೋರಿಸಲು ಬಂದು ನಿಲ್ಲುತ್ತಿದ್ದಾಗ ಇದ್ದ ದನಿ ಅದು. ಅಕ್ಕ ಪರದೆಯನ್ನು ಮತ್ತೊಮ್ಮೆ ನೋಡಿದಳು. ಎಳೆ ಎಳೆಯೂ ಅದರದರ ಜಾಗದಲ್ಲಿತ್ತು.

"ಇಲ್ಲ ಕಣೋ" ಎಂದಳು. "ಅವತ್ತು ನೋಡಿದ್ದು ಇದಲ್ಲ."

"ಏನಾಗಿದೆ?"

"ಎಲ್ಲಾ ಕಲಸಿಹೋಗಿದೆ. ಕೋಟು ಯಾವುದು ಕುರ್ಚಿ ಯಾವುದು ಗೊತ್ತೇ ಆಗ್ತಿಲ್ಲ. ಬೇರೆ ಪೀಸ್ ಕೊಟ್ಟಿದಾನೆ ಅವನು."

ಚಿಕ್ಕಪ್ಪ ಹಿಂದಿನಿಂದ ಗದರಿದರು. "ಸರಿಯಿಲ್ಲ ಅಂದ್ಮೇಲೆ ಇಟ್ಕೊಂಡು ಏನು ಪೂಜೆ ಮಾಡ್ತೀಯಾ? ಹೋಗಿ ಅವನ ಮುಖದ ಮೇಲೆ ಎಸೆದು ಬಾ. ಮತ್ತೆ ಕೇಳು, ಸಾಮಾನು ಹೊಸಿಲು ದಾಟಿ ಆಚೆ ಹೋದ್ರೆ ಲೆಕ್ಕ ಮೊದಲಿಗೇ ಬಂತು. ಸರಿಯಾದ್ದು ಬರೋ ತನಕ ರೂಮು ಅವಳದು. ನ್ಯಾಯ ಅಂದ್ರೆ ನ್ಯಾಯ."

ತಮ್ಮ ಕೂಗಾಡುತ್ತಾನೆ ಎಂದು ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಾದಳು. ಉತ್ತರಗಳೂ ಸಿದ್ಧವಿದ್ದವು. ಅವನು ಕೂಗಾಡಲಿಲ್ಲ. ತಂತಿ ಬಿಚ್ಚಿದ, ಡಿಸ್ಕ್ ತೆಗೆದ, ಪ್ಲೇಯರನ್ನು ಒರೆಸಿ ಪೆಟ್ಟಿಗೆಗೆ ಹಾಕಿದ. ಆಮೇಲೆ ಕುರ್ಚಿ ಹತ್ತಿ ಕಿಟಕಿಯ ಬಟ್ಟೆಯನ್ನು ತಾನೇ ಕಿತ್ತ. ಮೊಳೆಗಳು ಪಟಪಟನೆ ಎದ್ದು ಬಂದವು. ಉತ್ತರದ ಬೆಳಕು ಕೋಣೆಯ ತುಂಬ ಬಿತ್ತು.

ಮೆಟ್ಟಿಲ ಕೆಳಗಿಂದ ಮೇಜನ್ನೂ ಅವನೇ ಎಳೆದು ತಂದ. ಅವಳು ಒಂದು ಕಡೆ ಹಿಡಿದಳು, ಅವನು ಇನ್ನೊಂದು ಕಡೆ ಹಿಡಿದ. ಹೊರಡುವಾಗ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತ.

"ನಿನ್ನ ಕಣ್ಣಿರೋದು ನನ್ನ ಪುಣ್ಯ ಅಕ್ಕ" ಎಂದ. "ಇಲ್ದಿದ್ರೆ ಬದುಕಿಡೀ ಇದನ್ನೇ ಚೆನ್ನಾಗಿದೆ ಅಂದ್ಕೊಂಡು ನೋಡ್ತಾ ಕೂತಿರ್ತಿದ್ದೆ."

ಅವನ ಬಾಯಿಂದ ಅವಳು ಕೇಳಿದ ಮೊದಲ ಒಳ್ಳೆಯ ಮಾತು ಅದು.

"ಹೋಗು ಹೋಗು, ಅಂಗಡಿ ಮುಚ್ಚಿಬಿಡ್ತಾನೆ" ಎಂದಳು.

ಗೇಟಿನ ಸದ್ದಾಯಿತು. ಚಿಕ್ಕಪ್ಪನೂ ಎದ್ದು ಹೋದರು. ಅವಳು ಕಿಟಕಿಯ ಕೆಳಗೆ ಕೂತು, ಅರ್ಧ ಆಗಿದ್ದ ಕೋಟೊಂದನ್ನು ಮಡಿಲಿಗೆ ಎಳೆದುಕೊಂಡಳು. ಬೆಳಕು ಚೆನ್ನಾಗಿಯೇ ಇತ್ತು. ಸೂಜಿಗೆ ದಾರ ಪೋಣಿಸಲು ಮಾತ್ರ ಅವಳಿಗೆ ಬಹಳ ಹೊತ್ತು ಹಿಡಿಯಿತು.